ಎದುರಾಳಿಯ ಹೆಸರು

ಹಡಪಸರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಫಕೀರಪ್ಪ ಹದಿನೆಂಟು ವರ್ಷ 'ಸುಮೇರು' ಎಂಬ ಕಂಪ್ಯೂಟರ್ ಕಂಪನಿಯನ್ನು ಬಯ್ಯದೆ ಚಹಾ ಕುಡಿದವನಲ್ಲ. ಅದರ ತಗಡು ಹಪ್ಪಳ, ಅದರ ಫ್ಯಾನು ಹಿಟ್ಟಿನ ಗಿರಣಿ ಎಂದು ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಸಾರಿ, ತಾನೇ ಜೋಡಿಸಿದ ಯಂತ್ರ ಮಾರುತ್ತಿದ್ದ. ಹೋದ ವರ್ಷ ಸುಮೇರು ಮುಳುಗಿತು. ಗಿರಾಕಿಗಳ ಕೈಯಲ್ಲಿದ್ದ ಗ್ಯಾರಂಟಿ ಕಾರ್ಡು ರದ್ದಿಯಾಯಿತು. ಉಳಿದ ಅಂಗಡಿಯವರೆಲ್ಲ "ಹಳೇದು ಒಗೀರಿ, ಹೊಸದು ತೊಗೋರಿ" ಎಂದು ಅವರನ್ನು ಎಳೆದಾಡುವಾಗ, ಇವನೊಬ್ಬ ಭೋಸರಿಯ ಗುಜರಿಗಳನ್ನೆಲ್ಲ ಜಾಲಾಡಿ ಸುಮೇರುವಿನ ಬಿಡಿಭಾಗ ಹೆಕ್ಕಿ ತಂದ. ಈಗ ಶಾಲೆ, ದವಾಖಾನೆ, ಕಾರ್ಖಾನೆಗಳ ಅನಾಥ ಯಂತ್ರಗಳೆಲ್ಲ ಇವನ ಮೇಜಿನ ಮೇಲೆ. ಬಯ್ಯುತ್ತಲೇ ಬಿಚ್ಚುತ್ತಾನೆ, ಬಯ್ಯುತ್ತಲೇ ಬೆಸೆಯುತ್ತಾನೆ, ಯಂತ್ರ ಗುಂಯ್ ಎಂದೊಡನೆ ಮೀಸೆ ತಿರುವುತ್ತಾನೆ. ಕೊನೆಗೆ ತನ್ನ ಕರವಸ್ತ್ರದಿಂದಲೇ ಅದರ ಮೇಲಿನ 'ಸುಮೇರು' ಎಂಬ ಹೆಸರನ್ನು ಫಳಫಳ ಹೊಳೆಯುವಂತೆ ಒರೆಸುತ್ತಾನೆ. "ಅದನ್ನ ಕಿತ್ತು ನಿಮ್ಮ ಹೆಸರು ಹಚ್ಚರಿ ಸಾವ್ಕಾರ್ರ, ರಿಪೇರಿ ನಿಮ್ದದ" ಎಂದಳೊಮ್ಮೆ ದವಾಖಾನೆಯ ಶೈಲಶ್ರೀ. ಫಕೀರಪ್ಪ ಎದೆ ಸೆಟೆಸಿದ: "ಬಿದ್ದ ಪೈಲವಾನನ್ನ ಕೈ ಹಿಡಿದು ಎಬ್ಬಿಸಬೇಕ್ರಿ ಅಕ್ಕಾರ. ಹದಿನೆಂಟು ವರ್ಷ ಇವ ಎದುರು ನಿಂತಿದ್ದಕ್ಕನ ನಾ ಪೈಲವಾನ ಆಗೀನಿ."