ತುಳಿದರೆ ಮಾತ್ರ ತಿರುಗುವ ಲೇತ್

ಕತ್ರಿಗುಪ್ಪೆಯ ಶಾಂತಲಾ ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಮೇಲೆ ಮರಗೆಲಸ ಕಲಿಯಲು ಜೆ.ಪಿ. ನಗರದ ಒಂದು ಶೆಡ್ಡಿಗೆ ಹೋಗುತ್ತಿದ್ದರು. ಒಂದು ಭಾನುವಾರ ಮರ ಕಡೆಯುವ ಕರೆಂಟಿನ ಲೇತ್‌ನಲ್ಲಿ ತಿರುಗುತ್ತಿದ್ದ ಮರದ ತುಂಡಿಗೆ ಅವರ ದುಪಟ್ಟದ ತುದಿ ಸುತ್ತಿಕೊಂಡಿತು. ಕೊರಳು ಬಿಗಿದು ಕೂಗಲೂ ಉಸಿರಿರಲಿಲ್ಲ. ಪಕ್ಕದಲ್ಲಿದ್ದವರು ಓಡಿಬಂದು ಸ್ವಿಚ್ ಆರಿಸುವಷ್ಟರಲ್ಲಿ ಅವರ ಗದ್ದ ಯಂತ್ರಕ್ಕೆ ತಾಗುವಂತಾಗಿತ್ತು.

ಕತ್ತಿನ ಗಾಯವೇನೋ ಮಾಯಿತು. ಆದರೆ ಮೋಟಾರ್ ಸದ್ದು ಕೇಳಿದರೆ ಕೈ ತಣ್ಣಗಾಗುತ್ತಿತ್ತು. ಗಂಡ ವೆಂಕಟಾಚಲ ಚಟ್ನಿಗೆ ಮಿಕ್ಸಿ ಹಾಕಿದರೆ ಇವರು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮರದ ಆಸೆ ಮಾತ್ರ ಹೋಗಲಿಲ್ಲ.

"ಕಾಲಲ್ಲಿ ತುಳಿಯೋ ಲೇತ್ ನಾನೇ ಮಾಡ್ಕೋತೀನಿ ರೀ," ಅಂದರು ಒಂದು ದಿನ. "ನಾನು ನಿಲ್ಲಿಸಿದ್ರೆ ಅದೂ ನಿಲ್ಲುತ್ತೆ."

"ಮತ್ತೆ ಅದೇನಾ?" ವೆಂಕಟಾಚಲರ ದನಿ ಇಳಿದಿತ್ತು. "ಅವತ್ತು ಶೆಡ್ಡಿಂದ ಫೋನ್ ಬಂದಾಗ ನಂಗೆ ಏನಾಯ್ತು ಅಂತ ನಿಂಗೆ ಗೊತ್ತಿಲ್ಲ."

ಆದರೂ ಹಳೇ ಮಂಚ ಬಿಚ್ಚಿಕೊಟ್ಟವರು ಅವರೇ.

ಆ ಮಂಚದ ಮರದಿಂದ ತಾರಸಿಯ ಮೇಲೆ ಚೌಕಟ್ಟು ಎದ್ದಿತು. ಎದುರುಬದುರು ಎರಡು ಚೂಪು ಬೋಲ್ಟುಗಳ ನಡುವೆ ಮರದ ತುಂಡು. ತಲೆಯ ಮೇಲೆ ಬಾಗುವ ಬಿದಿರ ಕೋಲು. ಅದರ ತುದಿಯಿಂದ ಇಳಿದ ಹಗ್ಗ ತುಂಡಿಗೆ ಸುತ್ತಿ ಕೆಳಗಿನ ಹಲಗೆಗೆ ಕಟ್ಟಿತ್ತು. ಹಲಗೆ ತುಳಿದರೆ ತುಂಡು ತಿರುಗಬೇಕು, ಕಾಲೆತ್ತಿದರೆ ಬಿದಿರು ಹಗ್ಗವನ್ನು ಮೇಲಕ್ಕೆಳೆದುಕೊಳ್ಳಬೇಕು.

ಎಲ್ಲ ಸಿದ್ಧವಾದ ಮೇಲೆ ಶಾಂತಲಾ ಅದರ ಹತ್ತಿರ ಹೋಗಲಿಲ್ಲ. ಬಟ್ಟೆ ಒಣಹಾಕಲು ಹೋದರೂ ಆ ಮೂಲೆ ಬಿಟ್ಟು ಓಡಾಡಿದರು. ಕೊನೆಗೆ ಒಂದು ಬೆಳಿಗ್ಗೆ ಕೂದಲು ಬಿಗಿಯಾಗಿ ಗಂಟು ಹಾಕಿ, ಗಂಡನ ಟೀ ಶರ್ಟ್ ತೊಟ್ಟು ನಿಂತರು. ಉಳಿ ಕೈಗೆತ್ತಿಕೊಂಡರು. ತುಳಿದರು. ಮರ ತಿರುಗಿತು. ಮತ್ತೆ ತುಳಿದರು.

ಫಟ್ಟನೆ ಬಿದಿರು ಸೀಳಿತು. ಹಗ್ಗ ಬಂದು ಕೊರಳ ಮೇಲೆ ಬಿತ್ತು.

ಉಳಿ ಕೈಜಾರಿತು. ಶಾಂತಲಾ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕೊರಳು ಹಿಡಿದು, ಇನ್ನೇನು ಎಳೆಯುತ್ತೆ ಎಂದು ಕಾದರು. ಎಳೆಯಲಿಲ್ಲ. ಕಣ್ಣು ಬಿಟ್ಟರೆ ಮರದ ತುಂಡು ಅಲುಗಾಡದೆ ನಿಂತಿತ್ತು. ಹಗ್ಗ ಸಡಿಲವಾಗಿ ಭುಜದ ಮೇಲಿತ್ತು. ಅಲ್ಲೇ ಕುಸಿದು ಕೂತರು.

ಸದ್ದು ಕೇಳಿ ವೆಂಕಟಾಚಲ ಏದುಸಿರು ಬಿಡುತ್ತಾ ಮೇಲೆ ಬಂದರು. "ಸಾಕು ಶಾಂತಲಾ. ಬಿಚ್ಚಿಹಾಕೋಣ."

ಶಾಂತಲಾ ಸೀಳಿದ ಬಿದಿರನ್ನು ಮುಟ್ಟಿ ನೋಡಿದರು. ಆಮೇಲೆ, "ಬಿದಿರು ಒಣಗಿಹೋಗಿತ್ತು. ಬೇರೆ ತರೋಣ. ಆದ್ರೆ ನೀವು ಪಕ್ಕದಲ್ಲಿರ್ಬೇಕು, ಒಬ್ಳೇ ನನ್ನ ಕೈಲಾಗಲ್ಲ," ಅಂದರು.

ಹಸಿ ಬಿದಿರು ಬಂತು. ಈಗ ಬೆಳಿಗ್ಗೆ ವೆಂಕಟಾಚಲ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿದಿರುತ್ತಾರೆ, ಪುಟ ತಿರುವುವುದು ಅಪರೂಪ. ಶಾಂತಲಾ ತುಳಿಯುತ್ತಾರೆ, ನಿಲ್ಲಿಸುತ್ತಾರೆ, ಉಸಿರು ಬಿಟ್ಟು ಮತ್ತೆ ತುಳಿಯುತ್ತಾರೆ. ಮೊದಲ ಲಟ್ಟಣಿಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಆಯಿತು. ಚಪಾತಿ ಅದರಲ್ಲೇ ಲಟ್ಟಿಸುತ್ತಿದ್ದಾರೆ.