ಬೆರಳು ಹುಡುಕುವ ಜಾಗ

ದರ್ಬೆ ಪೇಟೆಯ ಆ ಮೊಬೈಲ್ ರಿಪೇರಿಯವರು ಫೋನನ್ನು ಕೂಡಲೇ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಮೊದಲು ಕನ್ನಡಕವನ್ನು ಹಣೆಗೇರಿಸಿ, ಬಂದವರ ಬೆರಳು ಪರದೆಯ ಮೇಲೆ ಎಲ್ಲಿ ಓಡುತ್ತದೆಂದು ನೋಡುತ್ತಿದ್ದರು. "ಬೆರಳಿಗೆ ಗೊತ್ತುಂಟು" ಎಂಬುದು ಅವರ ಮಾತು.

ನನ್ನ ಚಿಕ್ಕಮ್ಮನಿಗೆ ಕಣ್ಣು ಮಂಜು. ಹೆಸರು ಓದಲಾಗದೆ, ಜಾಗದ ಅಂದಾಜಿನಲ್ಲೇ ನನಗೆ ಫೋನ್ ಮಾಡುತ್ತಿದ್ದರು. ಒಂದು ಅಪ್‌ಡೇಟ್ ಬಂದದ್ದೇ ತಡ, ಹೋಮ್ ಸ್ಕ್ರೀನ್ ತುಂಬ ಜಾಹೀರಾತು. ಅಂಗಳದಲ್ಲಿ ಜಾರಿ ಬಿದ್ದ ದಿನ, ನನ್ನ ಹೆಸರೆಂದು ಅವರು ಒತ್ತಿದ್ದು ಯಾವುದೋ ಆಟದ ಜಾಹೀರಾತನ್ನು. ಇನ್ನೊಂದು ಅಂಗಡಿಯವ ಹೊಸ ಫೋನ್ ತೆಗೆದುಕೊಳ್ಳಿ ಎಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಚಿಕ್ಕಮ್ಮನನ್ನು ಕರೆದುಕೊಂಡು ದರ್ಬೆಯ ಇವರಲ್ಲಿಗೆ ಬಂದೆ.

"ಫೋನಿನ ಸಿಸ್ಟಮಿಗೇ ಕೈ ಹಾಕುವ ರೂಟ್ ಗೀಟ್ ಎಂತದೂ ಬೇಡ ಮಾರಾಯ್ರೆ. ಲಾಂಚರ್ ಅಂತ ಬೇರೆ ಆ್ಯಪ್ ಹಾಕುವ. ಹೋಮ್ ಸ್ಕ್ರೀನ್ ಮಾತ್ರ ಬದಲಾಗುದು, ಒಳಗಿನದ್ದು ಹಾಗೇ ಇರ್ತದೆ" ಎಂದರು ಇವರು.

"ಹಾಗಾದ್ರೆ ನನ್ನ ಹೆಸರನ್ನು ಮೇಲೆ, ದೊಡ್ಡದಾಗಿ ಇಡಿ" ಎಂದೆ.

ಅವರು ಕೇಳಿಸಿಕೊಳ್ಳಲೇ ಇಲ್ಲ. ಹಳೆಯ ಮದುವೆ ಕಾಗದದ ಹಿಂಬದಿಯಲ್ಲಿ ಫೋನಿನ ಅಳತೆಯ ಚೌಕ ಎಳೆದು, "ಕಣ್ಣು ಮುಚ್ಚಿ, ಇವರಿಗೆ ಫೋನ್ ಮಾಡುವ ಹಾಗೆ ಇದರಲ್ಲಿ ಒತ್ತಿ ಅಮ್ಮ" ಎಂದರು. ಚಿಕ್ಕಮ್ಮನ ಬೆರಳು ಬಿದ್ದದ್ದು ಕೆಳಗೆ, ಎಡಮೂಲೆಯಲ್ಲಿ. ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದರು. ಹೊಸ ಲಾಂಚರ್ ಹಾಕಿ, ಹೋಮ್ ಒತ್ತಿದಾಗೆಲ್ಲ ಅದೇ ಬರುವಂತೆ ಸೆಟ್ಟಿಂಗ್ ಬದಲಿಸಿ, ನನ್ನ ಹೆಸರನ್ನು ಆ ಮೂಲೆಗೇ ತಂದು ಕೂರಿಸಿದರು.

"ಈಗ ಒತ್ತಿ."

ನನ್ನ ಕಿಸೆಯಲ್ಲಿ ರಿಂಗಾಯಿತು. ಪಕ್ಕದಲ್ಲೇ ನಿಂತಿದ್ದರೂ ಚಿಕ್ಕಮ್ಮ ಫೋನನ್ನು ಕಿವಿಗಿಟ್ಟು, ನಾನು ಎತ್ತುವವರೆಗೂ ಕಾದರು.

"ಹಾಂ, ಸಿಕ್ಕಿದಿಯಲ್ಲ ಮಾರಾಯ!"