ರ‍್ಯಾಮ್ ಕವಚ ಬಿಡಿಸಿದ ನಮ್ಮತ್ತೆ

‘ಟಕ್’ ಎಂಬ ಸದ್ದಿನೊಂದಿಗೆ ಕಂಪ್ಯೂಟರಿನ ರ‍್ಯಾಮ್ ಎಂಬ ಮೆಮೊರಿ ಪಟ್ಟಿಯ ಮೇಲಿದ್ದ ಅಲ್ಯೂಮಿನಿಯಂ ಕವಚ ಕೈಗೆ ಬಂತು. ಜೊತೆಗೆ ಎರಡು ಚಿಪ್‌ಗಳೂ ಕಿತ್ತುಕೊಂಡು ಬಂದವು. ಶಿಡ್ಲಘಟ್ಟದ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಕಂಪ್ಯೂಟರ್ ಪಾಠ ಮಾಡುತ್ತಿರುವ ಮಹಾಪಂಡಿತ ನಾನು. ಹೊಸದಾಗಿ ತಂದ ಫ್ಯಾನ್ ಕೂರಿಸಲು ಆ ಎತ್ತರದ ಕವಚ ಅಡ್ಡ ಬರುತ್ತಿತ್ತು. ನನ್ನಂಥ ಮೇಧಾವಿಗೆ ಒಂದು ಸ್ಕ್ರೂಡ್ರೈವರ್ ಸಾಲದೇ ಎಂದು ಮೀಟಿಬಿಟ್ಟಿದ್ದೆ.

ಉಳಿದಿದ್ದ ಇನ್ನೊಂದು ರ‍್ಯಾಮಿಗೂ ಅದೇ ಗತಿ ಕಾಣಿಸಲು ಹೊರಟಾಗ, ಮೇಲೂರಿನಿಂದ ಬಂದಿದ್ದ ಅತ್ತೆ ಕೈ ಹಿಡಿದು ತಡೆದರು. ಅವರು ಬದುಕೆಲ್ಲ ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದವರು.

“ಅಂಟಿರೋದನ್ನ ಹಂಗೆ ಕೀಳ್ತಾರೇನಪ್ಪ? ಗೂಡನ್ನ ಬಿಸಿನೀರಿಗೆ ಹಾಕ್ದೆ ನೂಲು ಬರ್ತದಾ? ಮೊದ್ಲು ಬಿಸಿ ತಾಗಿಸ್ಬೇಕು.”

ಎಲ್ಲಿ ರ‍್ಯಾಮನ್ನೇ ನೀರಿಗೆ ಹಾಕಿಬಿಡುತ್ತಾರೋ ಎಂದು ಹೆದರಿ, ಹೆಂಡತಿಯ ಹೇರ್ ಡ್ರೈಯರ್ ತಂದುಕೊಟ್ಟೆ. ಅತ್ತೆ ಎರಡು ನಿಮಿಷ ಕವಚಕ್ಕೆ ಬಿಸಿಗಾಳಿ ಹಿಡಿದರು. ಅಂಟು ಮೆತ್ತಗಾದ ಮೇಲೆ ತಮ್ಮ ಚೀಲದಲ್ಲಿದ್ದ ಹುರಿ ಮಾಡಿದ ರೇಷ್ಮೆ ದಾರವನ್ನು ಕವಚಕ್ಕೂ ಚಿಪ್‌ಗಳಿಗೂ ನಡುವೆ ತೂರಿಸಿ, ಅವಸರವಿಲ್ಲದೆ ಅತ್ತಿತ್ತ ಎಳೆದರು. ಕವಚ ತಾನಾಗಿಯೇ ಬಿಟ್ಟುಕೊಂಡಿತು. ಒಂದು ಚಿಪ್ ಕೂಡ ಅಲುಗಲಿಲ್ಲ. ಫ್ಯಾನ್ ಸಲೀಸಾಗಿ ಕೂತಿತು, ಉಳಿದ ಆ ಒಂದೇ ರ‍್ಯಾಮ್‌ನಿಂದ ಕಂಪ್ಯೂಟರ್ ಆನ್ ಆಯಿತು. ಅತ್ತೆ ಕಾಫಿ ಕಾಯಿಸಲು ಹೋದರು.

ಮರುದಿನ ಲ್ಯಾಬ್‌ನಲ್ಲಿ ಈ ವಿಧಾನವನ್ನು ಬಲು ಗಂಭೀರವಾಗಿ ವಿವರಿಸಿದೆ. “ಎಲ್ಲಿ ಕಲಿತ್ರಿ ಸಾರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. “ನಮ್ಮತ್ತೆ ಹತ್ರ” ಎಂದೆ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅಪರೂಪಕ್ಕೊಮ್ಮೆ ನಿಜ ಹೇಳಿದ್ದೆ, ಅದನ್ನೂ ಜೋಕ್ ಎಂದುಕೊಂಡರು.